ಮರಿನಾಯಿ ತಾನಾಗಿ ಜಾಡು ಹಿಡಿಯಬೇಕಾದರೆ: ತೀರ್ಥಹಳ್ಳಿ ಕಡೆಯ ಒಂದು ತರಬೇತಿಯ ವಿಮರ್ಶೆ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟಕ್ಕೆ ಸೇರಿದ ಗದ್ದೆ, ಹುಲ್ಲುಗಾವಲುಗಳಲ್ಲಿ ಬೇಟೆತಳಿಯ ಮರಿನಾಯಿಗಳಿಗೆ ಮೊಲದ ಜಾಡನ್ನು ಮೂಸಿ ಹಿಂಬಾಲಿಸುವುದನ್ನು ಕಲಿಸುತ್ತಾರೆ. ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಬೇಸಿಗೆಯ ಮೊದಲು ಮುಗಿಯುವ ಈ ತರಬೇತಿಗೆ ನಮ್ಮ ಮನೆಯ ಬೀಗಲ್ ಮರಿಯನ್ನು ಒಂದು ಹಂಗಾಮು ಪೂರ್ತಿ ಕರೆದುಕೊಂಡು ಹೋಗಿದ್ದೆ. ತೋಟದವರು ತಮ್ಮ ಹೆಸರನ್ನಾಗಲಿ ಊರನ್ನಾಗಲಿ ಬರೆಯಬಾರದೆಂದು ಕೇಳಿಕೊಂಡಿದ್ದಾರೆ, ಏಕೆಂದರೆ ಮೊಲದ ಜಾಡು ಎಂಬ ಮಾತು ಕಿವಿಗೆ ಬಿದ್ದೊಡನೆ ಶಿಕಾರಿಗೆ ನಾಯಿ ತಯಾರು ಮಾಡಿಕೊಡುತ್ತೀರಾ ಎಂದು ಕೇಳಿಕೊಂಡು ಬರುವವರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ಅಂಥವರನ್ನು ಇವರು ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಇಲ್ಲಿ ಹೆಸರು ಬಿಟ್ಟು, ಅವರು ಏನು ಮಾಡುತ್ತಾರೆ, ಅದರಲ್ಲಿ ಯಾವುದು ಸರಿ, ಯಾವುದು ಸಾಲದು ಎಂಬುದನ್ನಷ್ಟೇ ಬರೆಯುತ್ತೇನೆ.

ಕಾನೂನಿನ ವಿಷಯವನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಬ್ಯಾಣಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಗದ್ದೆಯಂಚಿನಲ್ಲಿ ಕಾಣುವ ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಆ ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರ ಬೇಟೆಯಲ್ಲ. ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಉರುಳು ಒಡ್ಡುವುದು, ಇವುಗಳಲ್ಲಿ ಯಾವುದಕ್ಕಾದರೂ ಪ್ರಯತ್ನಿಸುವುದು ಕೂಡ ಬೇಟೆಯೇ. ಅಂದರೆ ನಾಯಿಯನ್ನು ಕಾಡುಮೊಲದ ಹಿಂದೆ ಬಿಟ್ಟು, ಮೊಲ ತಪ್ಪಿಸಿಕೊಂಡಿತು, ನಾನೇನೂ ಕೊಲ್ಲಲಿಲ್ಲ ಎಂದು ಹೇಳಿ ಪಾರಾಗುವಂತಿಲ್ಲ. ಸೋವು ನುಗ್ಗಿ, ಅಂದರೆ ಗುಂಪಾಗಿ ಕಾಡು ಹೊಕ್ಕು ಪ್ರಾಣಿಗಳನ್ನು ಎಬ್ಬಿಸಿ, ಶಿಕಾರಿ ಮಾಡುತ್ತಿದ್ದ ಹಿರಿಯರ ಕಥೆಗಳನ್ನು ಕೇಳಿಕೊಂಡು ಬೆಳೆದ ನಮಗೆ ಇದು ಕಟ್ಟುನಿಟ್ಟಾಗಿ ಕಾಣಬಹುದು. ಆದರೆ ಕಾನು ಕರಗಿ, ಬ್ಯಾಣಗಳು ತೋಟವಾಗಿ, ಮೊಲಕ್ಕೆ ಉಳಿದ ಜಾಗವೇ ಕಡಿಮೆಯಾಗಿರುವಾಗ ಈ ಕಟ್ಟುನಿಟ್ಟು ಬೇಕೇ ಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ತೋಟದವರ ಪದ್ಧತಿಯಲ್ಲಿ ಜೀವಂತ ಮೊಲ ಎಲ್ಲಿಯೂ ಬರುವುದಿಲ್ಲ. ಸಾಕುಮೊಲವನ್ನೂ ಅವರು ನಾಯಿಯ ಮುಂದೆ ಬಿಡುವುದಿಲ್ಲ. ಸಾಕುಮೊಲದ ಗೂಡಿನಲ್ಲಿ ಕೆಲವು ದಿನ ಹಾಸಿಟ್ಟ ಗೋಣಿತಟ್ಟಿನ ತುಂಡೇ ಇಡೀ ತರಬೇತಿಯ ಬಂಡವಾಳ.

ಬೇಟೆಯೇ ಇಲ್ಲವೆಂದ ಮೇಲೆ ಜಾಡು ಕಲಿಸುವುದೇಕೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಬೀಗಲ್ ಎಂಬುದು ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆಂದೇ ಬೆಳೆಸಿದ ತಳಿ. ಭುಜದವರೆಗೆ 13ರಿಂದ 16 ಅಂಗುಲ ಎತ್ತರವಿರುವ ಈ ನಾಯಿಯ ಹಿಂದೆ ಬೇಟೆಗಾರರು ಕುದುರೆಯಿಲ್ಲದೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಐವತ್ತು ಅರವತ್ತು ಲಕ್ಷವಿದ್ದರೆ ಬೀಗಲ್‌ನಲ್ಲಿ ಇಪ್ಪತ್ತು ಕೋಟಿಗೂ ಮೇಲೆ ಎಂದು ಅಂದಾಜು. ಇಂಥ ಮೂಗಿರುವ ಪ್ರಾಣಿಯನ್ನು ಶಿವಮೊಗ್ಗದ ಬಡಾವಣೆಯೊಂದರ ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿಹಾಕಿ, ಸಂಜೆ ಒಂದು ಸುತ್ತು ರಸ್ತೆಯಲ್ಲಿ ತಿರುಗಿಸಿದರೆ ಸಾಕೆಂದುಕೊಂಡರೆ ಅದು ಊಳಿಡುತ್ತದೆ, ಹೂಕುಂಡ ಅಗೆಯುತ್ತದೆ, ಗೇಟು ತೆರೆದ ಕ್ಷಣ ಮೂಗು ನೆಲಕ್ಕಿಟ್ಟು ಓಡಿಹೋಗುತ್ತದೆ. ಅದನ್ನು ಹಟಮಾರಿ ಎಂದು ಬೈಯುವವರಿಗೆ ನಾಯಿ ಅರ್ಥವಾಗಿಲ್ಲ. ಅದಕ್ಕೆ ಬೇಕಾದದ್ದು ಕೆಲಸ. ಇಂಗ್ಲೆಂಡಿನಲ್ಲಿಯೇ 2004ರ ಕಾಯ್ದೆಯಿಂದ ನಾಯಿಗಳನ್ನು ಬಿಟ್ಟು ಕಾಡುಮೊಲ ಬೇಟೆಯಾಡುವುದು ನಿಷಿದ್ಧವಾಗಿ, ಅಲ್ಲಿ ಎಳೆದ ವಾಸನೆಯ ಜಾಡಿನ ಮೇಲೆ ನಾಯಿಗಳನ್ನು ಓಡಿಸುವುದು ಉಳಿದುಕೊಂಡಿರುವಾಗ, ನಮ್ಮಲ್ಲಿಯೂ ಅದನ್ನೇ ಮಾಡುವುದರಲ್ಲಿ ಯಾವ ಕೊರತೆಯೂ ಇಲ್ಲ.

ತರಬೇತಿಯ ಮೊದಲ ಹಂತ ಬಹಳ ಸರಳ. ಮೊಲದ ವಾಸನೆ ಹಿಡಿದ ಗೋಣಿತಟ್ಟಿಗೆ ದಾರ ಕಟ್ಟಿ, ಕುಯಿಲಾದ ಗದ್ದೆಯಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ ನೇರವಾಗಿ ಎಳೆಯುತ್ತಾರೆ. ಗಾಳಿ ಬೆನ್ನಿಗೆ ಬೀಸುತ್ತಿರಬೇಕು, ಇಲ್ಲವಾದರೆ ಮರಿಯು ನೆಲ ಮೂಸುವುದನ್ನು ಬಿಟ್ಟು ಗಾಳಿಯಲ್ಲಿ ಬರುವ ವಾಸನೆಗೇ ತಲೆಯೆತ್ತಿ ನೇರವಾಗಿ ತಟ್ಟಿನ ಬಳಿಗೆ ಓಡಿಬಿಡುತ್ತದೆ. ತಟ್ಟು ಎಳೆದವರು ಅದೇ ದಾರಿಯಲ್ಲಿ ವಾಪಸು ಬರದೆ ದೂರದ ಒಡ್ಡಿನ ಮೇಲೆ ಸುತ್ತಿಕೊಂಡು ಬರುತ್ತಾರೆ. ಜಾಡಿನ ಕೊನೆಯಲ್ಲಿ ಬೇಯಿಸಿದ ಕೋಳಿಯ ಈಲಿಯ (ಲಿವರ್) ಒಂದೆರಡು ಚೂರು ಇರುತ್ತದೆ. ಕುತ್ತಿಗೆಯ ಪಟ್ಟಿಗೆ ಹಗ್ಗ ಹಾಕುವುದಿಲ್ಲ. ಎದೆಗೆ ಹಾಕುವ ಹಾರ್ನೆಸ್‌ಗೆ ಎಂಟು ಹತ್ತು ಮೀಟರ್ ಉದ್ದದ ಹಗ್ಗ ಕಟ್ಟಿ ಸಡಿಲವಾಗಿ ಬಿಡುತ್ತಾರೆ. ನಾಲ್ಕು ತಿಂಗಳು ತುಂಬಿ, ಲಸಿಕೆಗಳ ಮೊದಲ ಸರದಿ ಮುಗಿದ ಮರಿಗಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಒಂದು ಮರಿಗೆ ಒಂದು ಬೆಳಿಗ್ಗೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಕೆಲಸವಿರುವುದಿಲ್ಲ. ಇನ್ನೂ ಬೇಕು ಎಂಬ ಆಸೆ ಇರುವಾಗಲೇ ನಿಲ್ಲಿಸುವುದರಿಂದ ಮರಿಯ ಉತ್ಸಾಹ ಮರುದಿನಕ್ಕೂ ಉಳಿಯುತ್ತದೆ.

ನೇರ ಜಾಡು ರೂಢಿಯಾದ ಮೇಲೆ ಸಣ್ಣ ತಿರುವು, ಆಮೇಲೆ ಪೂರ್ತಿ ಅಡ್ಡ ತಿರುವು, ನಂತರ ಗದ್ದೆಯಿಂದ ಬ್ಯಾಣದ ಹುಲ್ಲಿಗೆ ದಾಟುವ ಜಾಡು. ಇಲ್ಲಿಯವರೆಗೆ ಯಾರಾದರೂ ಕಲಿಸಬಹುದು. ಈ ತೋಟದ ವಿಶೇಷ ಕಾಣುವುದು ಇದರ ಮುಂದೆ. ತಟ್ಟನ್ನು ಎಳೆಯುತ್ತ ಹೋಗಿ, ಒಂದು ಕಡೆ ಅದನ್ನು ನೆಲದಿಂದ ಎತ್ತಿ ಆರೇಳು ಹೆಜ್ಜೆ ಪಕ್ಕಕ್ಕೆ ದಾಟಿ ಮತ್ತೆ ಇಳಿಸುತ್ತಾರೆ. ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ತಗ್ಗು ಮಾಡಿಕೊಂಡು ಮಲಗುತ್ತದೆ. ಮಲಗುವ ಮೊದಲು ಬಂದ ದಾರಿಯಲ್ಲಿಯೇ ಸ್ವಲ್ಪ ಹಿಂದಕ್ಕೆ ಹೋಗಿ, ಅಲ್ಲಿಂದ ಪಕ್ಕಕ್ಕೆ ಒಂದು ದೊಡ್ಡ ನೆಗೆತ ನೆಗೆದು ಜಾಡನ್ನು ಕಡಿಯುವುದು ಅದರ ಸ್ವಭಾವ. ಎತ್ತಿ ಇಳಿಸಿದ ತಟ್ಟು ಆ ನೆಗೆತದ ಅನುಕರಣೆ.

ಮರಿ ಓಡುತ್ತ ಬಂದು ಆ ಜಾಗದಲ್ಲಿ ತಟಕ್ಕನೆ ನಿಲ್ಲುತ್ತದೆ. ಬೀಸುತ್ತಿದ್ದ ಬಾಲ ನಿಧಾನವಾಗುತ್ತದೆ, ತಲೆ ಮೇಲೇಳುತ್ತದೆ. ಮನೆಯಲ್ಲಿ ಮುದ್ದಿನಿಂದ ಬೆಳೆದ ಬಹುತೇಕ ಮರಿಗಳು ಆಗ ಒಡೆಯರ ಮುಖ ನೋಡುತ್ತವೆ. ಒಡೆಯರಾದ ನಾವು ಆ ನೋಟಕ್ಕೆ ಸೋತು ಬೆರಳು ತೋರಿಸುತ್ತೇವೆ, ಹೆಸರು ಹಿಡಿದು ಕರೆಯುತ್ತೇವೆ, ಹಗ್ಗವನ್ನು ಆ ಕಡೆಗೆ ಸ್ವಲ್ಪ ಎಳೆಯುತ್ತೇವೆ. ಈ ತರಬೇತಿಯಲ್ಲಿ ಅದು ಯಾವುದಕ್ಕೂ ಅವಕಾಶವಿಲ್ಲ. "ಸುಮ್ನಿರಿ ಮಾರಾಯ್ರೆ, ಅದೇ ಹುಡುಕ್ತದೆ, ನೀವು ಆ ಹಲಸಿನ ಮರ ನೋಡ್ತಾ ನಿಂತ್ಕೊಳಿ" ಎಂದು ತರಬೇತುದಾರರು ಮೆಲ್ಲಗೆ ಹೇಳುತ್ತಾರೆ. ನಿಂತುಕೊಂಡರೆ ನಿಜವಾಗಿಯೂ ನಡೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮರಿ ಮೊದಲು ತಾನು ಬಂದ ದಾರಿಯಲ್ಲಿ ಎರಡು ಹೆಜ್ಜೆ ಹಿಂದೆ ಹೋಗುತ್ತದೆ, ಸಣ್ಣದೊಂದು ಸುತ್ತು ಹಾಕುತ್ತದೆ, ಸಿಗದಿದ್ದರೆ ಇನ್ನೂ ದೊಡ್ಡದೊಂದು ಸುತ್ತು. ಆ ಸುತ್ತಿನ ಯಾವುದೋ ಬಿಂದುವಿನಲ್ಲಿ ಅದರ ಇಡೀ ಮೈ ಒಂದು ಕಡೆಗೆ ತಿರುಗಿ, ಮೂಗು ನೆಲಕ್ಕೆ ಅಂಟಿ, ಗಂಟಲಿನಿಂದ ಹೊಸದೊಂದು ದನಿ ಹೊರಡುತ್ತದೆ. ಜಾಡು ಸಿಕ್ಕಿತು ಎಂದು ಅದು ಹೇಳುವ ಆ ಕೂಗು ಮನೆಯ ಬಾಗಿಲಲ್ಲಿ ಬೊಗಳುವ ದನಿಯಲ್ಲ. ತಾನೇ ಕಂಡುಕೊಂಡದ್ದನ್ನು ಮರಿ ಮರೆಯುವುದಿಲ್ಲ. ನಾವು ತೋರಿಸಿಕೊಟ್ಟದ್ದಾದರೆ ಅದಕ್ಕೆ ಮುಂದಿನ ಸಲವೂ ನಮ್ಮ ಬೆರಳೇ ಬೇಕಾಗುತ್ತದೆ. ಶುಲ್ಕ ಕೊಟ್ಟು ಇಷ್ಟು ದೂರ ಹೋಗುವುದು ಸಾರ್ಥಕವಾಗುವುದು ಈ ಒಂದು ಕಾರಣಕ್ಕೆ.

ಇದನ್ನು ಅವರು ಇನ್ನೂ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೂ ಮನುಷ್ಯನ ಕಾಲು ಮಾತಾಡುತ್ತದೆ: ತಿರುವು ಎಲ್ಲಿದೆ ಎಂದು ಗೊತ್ತಿರುವವರು ಅಲ್ಲಿ ಅರಿವಿಲ್ಲದೆಯೇ ನಡಿಗೆ ನಿಧಾನ ಮಾಡುತ್ತಾರೆ, ಹಗ್ಗ ಬಿಗಿಯಾಗುತ್ತದೆ, ಚುರುಕಾದ ಮರಿ ಜಾಡಿಗಿಂತ ಮೊದಲು ಹಗ್ಗವನ್ನೇ ಓದಲು ಕಲಿಯುತ್ತದೆ. ಹಾಗಾಗಿ ಕೊನೆಯ ವಾರಗಳಲ್ಲಿ ಜಾಡು ಎಳೆಯುವವರು ಬೇರೆ, ನಾಯಿಯ ಜೊತೆ ಹೋಗುವವರು ಬೇರೆ. ಜೊತೆಯಲ್ಲಿ ಹೋಗುವ ಒಡೆಯರಿಗಾಗಲಿ ತರಬೇತುದಾರರಿಗಾಗಲಿ ಜಾಡು ಎತ್ತ ಸಾಗಿದೆ ಎಂಬುದು ಗೊತ್ತಿರುವುದಿಲ್ಲ. ಎಳೆದವರು ಒಂದು ಚೀಟಿಯಲ್ಲಿ ದಾರಿಯ ನಕ್ಷೆ ಬರೆದು ಜೇಬಿನಲ್ಲಿ ಇಟ್ಟುಕೊಂಡು ದೂರದ ಬೇಲಿಯ ಉಣುಗೋಲಿನ (ಅಡ್ಡಗಳುಗಳ ಗೇಟಿನ) ಬಳಿ ಕಾಯುತ್ತಿರುತ್ತಾರೆ. ನಾಯಿ ಹೇಳಿದ ಕಡೆಗೆ ನಾವು ಹೋಗಬೇಕು. ಸರಿಯೋ ತಪ್ಪೋ ಆಮೇಲೆ ಚೀಟಿ ಹೇಳುತ್ತದೆ. ಮರಿ ಸ್ವತಂತ್ರವಾಗಿ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಅನುಭವಿ ನಾಯಿಯ ಜೊತೆ ಬಿಟ್ಟರೆ ಮರಿ ಬೇಗ ಕಲಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅಮೆರಿಕದ ಬೀಗಲ್ ಸಾಕಣೆದಾರರ ನಡುವೆಯೂ ಇದು ಬಗೆಹರಿಯದ ಚರ್ಚೆ. ಅಲ್ಲಿ ಬೇಲಿ ಹಾಕಿದ ಜಾಗದಲ್ಲಿ ಕಾಟನ್‌ಟೇಲ್ ಎಂಬ ಅಲ್ಲಿನ ಮೊಲಗಳನ್ನಿಟ್ಟು ಮರಿಗಳನ್ನು ತರಬೇತು ಮಾಡುವ ವಾಡಿಕೆಯಿದೆ. ಆ ಮೊಲ ತನ್ನ ಸಣ್ಣ ವಲಯ ಬಿಟ್ಟು ದೂರ ಹೋಗದೆ ಸುತ್ತುಹಾಕಿ ಹೊರಟ ಜಾಗಕ್ಕೇ ಮರಳುವುದರಿಂದ ಅಲ್ಲಿನ ಬೇಟೆಗಾರರು ಒಂದು ಕಡೆ ನಿಂತು ಕಾಯುತ್ತಾರೆ. ನಮ್ಮ ನೆಲಕ್ಕೆ, ನಮ್ಮ ಕಾನೂನಿಗೆ ಅದು ಹೊಂದುವುದಿಲ್ಲ. ಆದರೆ ಅಲ್ಲಿನವರು ಗುರುತಿಸಿದ ಒಂದು ದೋಷ ಎಲ್ಲ ಕಡೆಯೂ ನಿಜ: ಹಿರಿಯ ನಾಯಿಯ ಹಿಂದೆ ಓಡುವ ಮರಿ ವಾಸನೆಯನ್ನು ಹಿಂಬಾಲಿಸುವ ಬದಲು ಮುಂದಿನ ಬಾಲವನ್ನು ಹಿಂಬಾಲಿಸುತ್ತದೆ, ಅದು ಕೂಗಿದರೆ ತಾನೂ ಕೂಗುತ್ತದೆ, ಒಂಟಿಯಾಗಿ ಬಿಟ್ಟ ದಿನ ಏನೂ ಮಾಡಲಾರದೆ ನಿಲ್ಲುತ್ತದೆ. ಈ ತೋಟದಲ್ಲಿ ಒಂಟಿಯಾಗಿ ಜಾಡು ಪೂರೈಸುವವರೆಗೆ ಯಾವ ಮರಿಯನ್ನೂ ಜೊತೆಗೂಡಿಸುವುದಿಲ್ಲ. ಆ ನಿಯಮವನ್ನು ಅವರು ಒಂದು ಸಲವೂ ಸಡಿಲಿಸಲಿಲ್ಲ, ಅವಸರ ಮಾಡಿದ ಒಡೆಯರ ಎದುರಿಗೂ.

ಮಲೆನಾಡಿನ ಹವೆ ಈ ಕೆಲಸಕ್ಕೆ ಅನುಕೂಲವೂ ಹೌದು, ಅಪಾಯವೂ ಹೌದು. ತೇವ, ತಂಪು, ಗಾಳಿಯಿಲ್ಲದ ಬೆಳಿಗ್ಗೆಗಳಲ್ಲಿ ವಾಸನೆ ನೆಲದಲ್ಲಿ ನಿಲ್ಲುತ್ತದೆ. ಬಿಸಿಲೇರಿ ಜಂಬಿಟ್ಟಿಗೆ ನೆಲ ಕಾದ ಮೇಲೆ ಅದೇ ಜಾಡು ಬೇಗನೆ ಆರಿಹೋಗುತ್ತದೆ. ಜಡಿಮಳೆಯಂತೂ ಎಲ್ಲವನ್ನೂ ತೊಳೆದುಬಿಡುತ್ತದೆ, ಮೇಲಾಗಿ ರಕ್ತ ಹೀರುವ ಇಂಬಳದ ಕಾಟ ಬೇರೆ. ಆದ್ದರಿಂದ ಆಗುಂಬೆ ಸೀಮೆಯ ಮಳೆ ಪೂರ್ತಿ ನಿಂತ ಮೇಲೆ, ಇಬ್ಬನಿ ಬೀಳುವ ದಿನಗಳಲ್ಲಿ, ಬೆಳಿಗ್ಗೆ ಎಂಟೂವರೆಯೊಳಗೆ ಕೆಲಸ ಮುಗಿಸುತ್ತಾರೆ. ಮಳೆಗಾಲದಲ್ಲಿ ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ ನೆಲಕ್ಕೂ ಬಿದ್ದಿರುವುದರಿಂದ ತೋಟದ ಒಳಗೆ ಮರಿಗಳನ್ನು ಬಿಡುವುದಿಲ್ಲ. ಈ ಎಚ್ಚರಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಉಣುಗಿನ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯ ವಿಷಯ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ, ಮಂಗಗಳನ್ನು ಕೊಂದು ಮನುಷ್ಯರಿಗೂ ತಗಲುವ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗುಗಳಿಂದ. ಅದರಲ್ಲಿಯೂ ಎಳೆಯ ಉಣುಗುಗಳು ಹೆಚ್ಚಾಗುವ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಜಾಡಿಗೆ ಅತ್ಯುತ್ತಮವಾದ ಇಬ್ಬನಿಯ ಕಾಲ ಮತ್ತು ಉಣುಗಿನ ಕಾಲದ ಆರಂಭ ಒಂದರ ಮೇಲೊಂದು ಬೀಳುತ್ತವೆ ಎಂಬುದು ಇಲ್ಲಿ ನಾಯಿ ತರಬೇತು ಮಾಡುವ ಪ್ರತಿಯೊಬ್ಬರೂ ಎದುರಿಸಬೇಕಾದ ಸಮಸ್ಯೆ. ಈ ತೋಟದವರು ಅದಕ್ಕೆ ಕಂಡುಕೊಂಡ ದಾರಿ ನನಗೆ ಒಪ್ಪಿಗೆಯಾಯಿತು. ಹುಲ್ಲು, ಪೊದೆಗಳಲ್ಲಿ ಮಾಡಬೇಕಾದದ್ದನ್ನೆಲ್ಲ ನವೆಂಬರಿನೊಳಗೆ ಮುಗಿಸಿ, ಡಿಸೆಂಬರಿನಿಂದ ಮುಂದಕ್ಕೆ ಕುಯಿಲಾದ ಬಯಲು ಗದ್ದೆಯಲ್ಲಿ ಮಾತ್ರ ಜಾಡು ಎಳೆಯುತ್ತಾರೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ದರಗಿನ (ಒಣ ಎಲೆಗಳ) ಮೇಲೆ ಯಾರೂ ಕಾಲಿಡುವಂತಿಲ್ಲ. ಎಲ್ಲಿಯಾದರೂ ಮಂಗ ಸತ್ತುಬಿದ್ದ ಸುದ್ದಿ ಬಂದರೆ ತರಬೇತಿಯನ್ನೇ ನಿಲ್ಲಿಸುತ್ತಾರೆ. ಬಂದವರೆಲ್ಲ ಉದ್ದ ತೋಳಿನ ಅಂಗಿ ತೊಟ್ಟು, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡಿರಬೇಕು. ಕೆಲಸ ಮುಗಿದ ಮೇಲೆ ಮರಿಯ ಕಿವಿಯ ಒಳಭಾಗ, ಬೆರಳುಗಳ ಸಂದು, ಕಂಕುಳನ್ನು ಒಂದೊಂದಾಗಿ ನೋಡದೆ ವಾಹನಕ್ಕೆ ಹತ್ತಿಸಲು ಬಿಡುವುದಿಲ್ಲ. ಉಣುಗಿನಿಂದ ನಾಯಿಗೂ ಬೆಬೀಸಿಯೋಸಿಸ್‌ನಂಥ ರಕ್ತದ ಕಾಯಿಲೆಗಳು ಬರುತ್ತವೆ. ಮರಿ ಮಂಕಾಗಿ ಜ್ವರ ಬಂದು, ಒಸಡು ಬಿಳಿಚಿಕೊಂಡರೆ ಕಾಯದೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕೆಂದು ಅವರು ಮೊದಲ ದಿನವೇ ತಿಳಿಸುತ್ತಾರೆ.

ಇಷ್ಟು ಮೆಚ್ಚಿಕೊಂಡ ಮೇಲೂ ಎರಡು ವಿಷಯಗಳಲ್ಲಿ ನನಗೆ ಗಂಭೀರವಾದ ತಕರಾರಿದೆ.

ಮೊದಲನೆಯದು, ನಿಲ್ಲಿಸುವುದನ್ನು ಕಲಿಸುವ ರೀತಿ. ಜಾಡು ಹಿಡಿಯಲು ಕಲಿತ ನಾಯಿ ಎಳೆದ ತಟ್ಟಿನ ಜಾಡಿಗೂ ನಿಜವಾದ ಕಾಡುಮೊಲದ ಜಾಡಿಗೂ ಭೇದ ಮಾಡುವುದಿಲ್ಲ. ಕಾಡುಕುರಿ, ಕಾಡುಹಂದಿ ಅಡ್ಡ ಹಾಯ್ದು ಹೋಗಿದ್ದರೆ ಆ ಕಡೆಗೂ ತಿರುಗಬಹುದು. ಮಲೆನಾಡಿನಲ್ಲಿ ಬಹಳಷ್ಟು ಊರುಗಳು ಶೆಟ್ಟಿಹಳ್ಳಿ ಅಥವಾ ಶರಾವತಿ ಕಣಿವೆಯಂಥ ಅಭಯಾರಣ್ಯಗಳ ಅಂಚಿನಲ್ಲಿಯೇ ಇವೆ. ಜಾಡಿನ ಮೇಲೆ ಕೂಗುತ್ತ ಕಾಡು ಹೊಕ್ಕ ನಾಯಿ ಅಲ್ಲಿನ ಪ್ರಾಣಿಗಳಿಗೆ ತೊಂದರೆ ಕೊಡುತ್ತದೆ, ತಾನೂ ಚಿರತೆಯ ಬಾಯಿಗೆ ಬೀಳುತ್ತದೆ. ಮೊಬೈಲ್ ಸಿಗ್ನಲ್ ನಂಬಿಕೊಂಡ ಜಿಪಿಎಸ್ ಪಟ್ಟಿಗಳು ಇಂಥ ಕಣಿವೆಗಳಲ್ಲಿ ಕೈಕೊಡುತ್ತವೆ. ಹಾಗಿರುವಾಗ ಸೀಟಿ ಊದಿದ ಕೂಡಲೇ ಜಾಡು ಬಿಟ್ಟು ಮರಳುವುದನ್ನು ಮೊದಲ ವಾರದಿಂದಲೇ, ಜಾಡಿನ ಜೊತೆಜೊತೆಗೇ ಕಲಿಸಬೇಕಿತ್ತು. ಇಲ್ಲಿ ಅದನ್ನು ಕೊನೆಯ ಹಂತಕ್ಕೆ ಇಟ್ಟುಕೊಂಡು, ಅದನ್ನೂ ಹಗ್ಗದ ಮೇಲೆ ಮಾತ್ರ, ಅವಸರದಲ್ಲಿ ಮುಗಿಸಿದರು. ನಮ್ಮ ಮರಿ ತಟ್ಟಿನ ಜಾಡಿನಲ್ಲಿ ಸೀಟಿಗೆ ನಿಲ್ಲುತ್ತದೆ; ಕಣ್ಣೆದುರು ಹುಂಜವೊಂದು ಓಡಿದರೆ ಇನ್ನೂ ನಿಲ್ಲುವುದಿಲ್ಲ. ಹಗ್ಗ ಬಿಚ್ಚುವ ಧೈರ್ಯ ನನಗಿನ್ನೂ ಬಂದಿಲ್ಲ, ಬೇಲಿಯಿಲ್ಲದ ಜಾಗದಲ್ಲಿ ಯಾರೂ ಬಿಚ್ಚಬಾರದು ಎಂದೇ ಹೇಳುತ್ತೇನೆ. ಇದನ್ನು ತರಬೇತುದಾರರಿಗೆ ನೇರವಾಗಿ ತಿಳಿಸಿದ್ದೇನೆ. ಅವರು ಸಮಾಧಾನದಿಂದ ಕೇಳಿಸಿಕೊಂಡು ಮುಂದಿನ ತಂಡಕ್ಕೆ ಸೀಟಿಯಿಂದಲೇ ಆರಂಭಿಸುವುದಾಗಿ ಹೇಳಿದರು.

ಎರಡನೆಯದು, ಮುಧೋಳ ನಾಯಿಗಳನ್ನು ಬೀಗಲ್‌ಗಳ ಜೊತೆ ಒಂದೇ ಪಾಠಕ್ಕೆ ಕೂರಿಸುವುದು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಬಯಲುಸೀಮೆಯ ವಿಸ್ತಾರದಲ್ಲಿ ಮೊಲ ಕಂಡೊಡನೆ ಬಾಣದಂತೆ ಹಾರುವುದಕ್ಕೆ ಅದರ ಉದ್ದ ಕಾಲು, ಆಳವಾದ ಎದೆ ರೂಪುಗೊಂಡಿವೆ. ಅದಕ್ಕೆ ಮೂಗಿಲ್ಲವೆಂದು ನಾನು ಹೇಳುತ್ತಿಲ್ಲ. 2016ರಲ್ಲಿ ಮುಧೋಳದ ಮರಿಗಳನ್ನು ಸೇನೆಯವರು ಮೀರತ್‌ನ ತಮ್ಮ ಕೇಂದ್ರಕ್ಕೆ ತರಬೇತಿಗಾಗಿ ಕರೆದೊಯ್ದದ್ದು ಕನ್ನಡಿಗರೆಲ್ಲ ಹೆಮ್ಮೆಪಟ್ಟ ಸಂಗತಿ. ಆದರೆ ನಮ್ಮ ತಂಡದಲ್ಲಿದ್ದ ಮುಧೋಳ ಮರಿ ಜಾಡು ಕಡಿದ ಜಾಗಕ್ಕೆ ಬಂದಾಗ ನೆಲ ಮೂಸುವ ಬದಲು ದಿಗಂತ ನೋಡುತ್ತ ನಿಲ್ಲುತ್ತಿತ್ತು, ಅದರ ಒಡೆಯರು ವಾರದಿಂದ ವಾರಕ್ಕೆ ಬೇಸರಪಡುತ್ತಿದ್ದರು. ನಾಯಿಯಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೆ ಬೇಕಾದದ್ದು ಬೇಲಿಯೊಳಗಿನ ಉದ್ದನೆಯ ಬಯಲು, ಎಳೆದುಕೊಂಡು ಓಡುವ ಬಟ್ಟೆಯ ಗುರಿ, ಓಟ. ಒಡೆಯರಿಂದ ಶುಲ್ಕ ಪಡೆಯುವ ಮೊದಲೇ ಈ ಮಾತನ್ನು ಅವರಿಗೆ ತಿಳಿಸಬೇಕಿತ್ತು.

ಸೌಕರ್ಯಗಳು ಸಾಧಾರಣ. ನಿಲ್ಲಲು ಒಂದು ಕೊಟ್ಟಿಗೆಯ ಮಾಡು, ನಾಯಿಗಳಿಗೆ ಶುದ್ಧ ನೀರು, ನಮಗೆ ಬಿಸಿ ಕಷಾಯ. ಕೊನೆಯ ಎರಡು ಕಿಲೋಮೀಟರ್ ದಾರಿ ಮಣ್ಣಿನದು, ತಗ್ಗು ವಾಹನಗಳಿಗೆ ಕಷ್ಟ. ಶುಲ್ಕ ಶಿವಮೊಗ್ಗದಲ್ಲಿ ಸಾಮಾನ್ಯ ವಿಧೇಯತೆಯ ತರಬೇತಿಗೆ ಕೇಳುವುದಕ್ಕಿಂತ ಹೆಚ್ಚು, ಆದರೆ ಒಂದೊಂದು ಮರಿಗೆ ಅವರು ಕೊಡುವ ಗಮನವನ್ನು ನೋಡಿದರೆ ಹೆಚ್ಚೆನಿಸುವುದಿಲ್ಲ. ಭಾನುವಾರ ಜನ ಜಾಸ್ತಿಯಾಗಿ ಸರದಿಗಾಗಿ ಬಿಸಿಲೇರುವವರೆಗೆ ಕಾಯಬೇಕಾಗುವುದರಿಂದ ವಾರದ ನಡುವಿನ ದಿನವನ್ನು ಕೇಳಿ ಪಡೆಯುವುದು ಒಳ್ಳೆಯದು. ಹೊಡೆತ, ಕರೆಂಟಿನ ಪಟ್ಟಿ, ಉಪವಾಸ ಕೆಡವುವುದು ಇವು ಯಾವುವೂ ಇಲ್ಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ.

ಬೀಗಲ್, ಬ್ಯಾಸೆಟ್, ಡ್ಯಾಶ್‌ಹಂಡ್ ಮರಿಗಳನ್ನು ಸಾಕುವವರು, ಅವು ದಿನವಿಡೀ ಮೂಸುತ್ತ ತಿರುಗುವುದನ್ನು ತುಂಟತನವೆಂದು ಭಾವಿಸದೆ ಅದಕ್ಕೊಂದು ದಾರಿ ಮಾಡಿಕೊಡಬೇಕು ಎಂದುಕೊಂಡಿದ್ದರೆ, ಈ ತರಬೇತಿಯನ್ನು ನಿಸ್ಸಂಕೋಚವಾಗಿ ಆರಿಸಿಕೊಳ್ಳಬಹುದು. ಹೆಸರು ನೋಂದಾಯಿಸುವುದು ಮಳೆಗಾಲದ ನಡುವೆ. ಅಕ್ಟೋಬರಿನಲ್ಲಿ ಕೇಳಿದರೆ ಜಾಗವಿರುವುದಿಲ್ಲ. ಹೋಗುವಾಗ ರೇಬೀಸ್ ಮತ್ತು ಇಲಿಜ್ವರದ ಲಸಿಕೆಗಳು ನಮೂದಾದ ಚೀಟಿ, ಎದೆಗೆ ಸರಿಯಾಗಿ ಕೂರುವ ಹಾರ್ನೆಸ್, ಉಣುಗು ಕೀಳುವ ಚಿಮಟ, ಮತ್ತು ಮೊದಲ ದಿನದಿಂದಲೇ ಮನೆಯಲ್ಲಿಯೂ ಬಳಸಲು ಒಂದು ಸೀಟಿಯನ್ನು ತೆಗೆದುಕೊಂಡು ಹೋಗಿ.